ಕುರ್ಚಿ ಹಾಕುವವರು ಯಾರು?

"ನಮ್ಮೂರಲ್ಲಿ ಏನೂ ಇಲ್ಲ." ಬರೆಯುವ, ಚಿತ್ರ ಬಿಡಿಸುವ, ಹಾಡುವ, ನಾಟಕ ಆಡುವ ಹುಡುಗ ಹುಡುಗಿಯರ ಬಾಯಲ್ಲಿ ಈ ಮಾತು ಈಗ ಮಂತ್ರದ ಹಾಗೆ ಕೂತುಬಿಟ್ಟಿದೆ. ಹಾವೇರಿಯವರು ಧಾರವಾಡದ ಕಡೆ ಕೈ ತೋರಿಸುತ್ತಾರೆ. ಧಾರವಾಡದವರು ಬೆಂಗಳೂರಿನ ಕಡೆ ತೋರಿಸುತ್ತಾರೆ. ಬೆಂಗಳೂರಿನವರು ಮುಂಬಯಿ, ದಿಲ್ಲಿ, ಕೊಚ್ಚಿ ಎನ್ನುತ್ತಾರೆ. ಕಲಾವಿದನಿಗೆ ಬೇಕಾದ ಬಳಗ ಯಾವಾಗಲೂ ಮುಂದಿನ ಸ್ಟೇಷನ್ನಿನಲ್ಲೇ ಇರುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಕೆಲಸದಿಂದ ತಪ್ಪಿಸಿಕೊಳ್ಳಲು ನಾವು ಊರಿನ ಮೇಲೆ ಹೊರಿಸುವ ನೆವ ಇದು ಎಂಬುದು ನನ್ನ ವಾದ. ಆ ಕೆಲಸ ಯಾವುದು ಎಂದು ಹೇಳುವುದಕ್ಕೇ ಈ ಬರಹ.

ಯಾವುದಾದರೂ ಒಂದು ತಾಲೂಕು ಕೇಂದ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಸ್ ಸ್ಟ್ಯಾಂಡಿನ ಎದುರಿನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿರುವವನು ಹಿಂದೆ ಬ್ರಷ್ ಹಿಡಿದು ಬೋರ್ಡು ಬರೆಯುತ್ತಿದ್ದ. ಅವನ ಕೈಯ ಅಕ್ಷರದ ಹದ ಯಾವ ಫಾಂಟಿಗೂ ಬಂದಿಲ್ಲ. ಸರಕಾರಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರ ಮನೆಯ ಅಟ್ಟದಲ್ಲಿ ಮೂವತ್ತು ವರ್ಷದ ಜಲವರ್ಣ ಚಿತ್ರಗಳು ಧೂಳು ತಿನ್ನುತ್ತಿರುತ್ತವೆ. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಹಿಡಿಯುವ ದರ್ಜಿಗೆ ಹಳೆಯ ಕಂಪನಿ ನಾಟಕದ ಹಾಡುಗಳೆಲ್ಲ ಬಾಯಿಪಾಠ. ಪದವಿ ಕಾಲೇಜಿನ ಅತಿಥಿ ಉಪನ್ಯಾಸಕಿಯೊಬ್ಬರು ಎರಡು ಸಂಕಲನಕ್ಕಾಗುವಷ್ಟು ಕವನ ಬರೆದಿಟ್ಟು ಯಾರಿಗೂ ತೋರಿಸಿರುವುದಿಲ್ಲ. ಮೆಡಿಕಲ್ ಶಾಪಿನ ಗಲ್ಲಾದ ಕೆಳಗೆ ಅರ್ಧ ಓದಿದ ಕಾದಂಬರಿ ಇರುತ್ತದೆ. ಇವರು ಒಬ್ಬರನ್ನೊಬ್ಬರು ಬಲ್ಲರೆ? ಮುಖ ಬಲ್ಲರು, ಮನೆತನ ಬಲ್ಲರು, ಯಾರ ಮಗ ಯಾರ ಅಳಿಯ ಎಂಬುದನ್ನೂ ಬಲ್ಲರು. ಇವರು ಮಾಡುವ ಕೆಲಸವನ್ನು ಮಾತ್ರ ಪರಸ್ಪರ ಬಲ್ಲವರಲ್ಲ.

ಅಂದರೆ ಊರಿನಲ್ಲಿ ಕಲಾವಿದರಿಗೆ ಕೊರತೆ ಇಲ್ಲ. ಕೊರತೆ ಇರುವುದು ಇವರನ್ನು ಒಂದು ದಿನ, ಒಂದು ಹೊತ್ತಿಗೆ, ಒಂದು ಕೋಣೆಗೆ ಬರಮಾಡುವವರಿಗೆ. ಕೋಣೆಯ ಬೀಗದ ಕೈ ಇಸಿದುಕೊಂಡು ಬರುವವರಿಗೆ, ಕಸ ಗುಡಿಸುವವರಿಗೆ, ಕುರ್ಚಿ ಹಾಕುವವರಿಗೆ, ಮುಗಿದ ಮೇಲೆ ಕುರ್ಚಿ ತೆಗೆದಿಡುವವರಿಗೆ. ಈ ಕೆಲಸವನ್ನು ನಾವು ಕಲೆಯ ಹೊರಗಿನದು ಎಂದುಕೊಂಡಿದ್ದೇವೆ. ಕಲಾವಿದ ಸೃಷ್ಟಿಸುತ್ತಾನೆ, ಉಳಿದದ್ದನ್ನು ಯಾರಾದರೂ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ನಮ್ಮದು. ಆ ಯಾರಾದರೂ ಎಂಬ ವ್ಯಕ್ತಿ ನಮ್ಮೂರಲ್ಲಿ ಹುಟ್ಟಿಲ್ಲ ಎಂದು ಗೊತ್ತಾದಾಗ ಬೆಂಗಳೂರಿನ ಬಸ್ಸು ಹತ್ತುತ್ತೇವೆ, ಇಲ್ಲವೇ ಫೋನಿನೊಳಗೆ ಮುಳುಗುತ್ತೇವೆ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಕಾಲೇಜು ಮುಗಿಯುವವರೆಗೆ ಹೇಗೋ ನಡೆಯುತ್ತದೆ. ಭಿತ್ತಿಪತ್ರಿಕೆ ಇರುತ್ತದೆ, ಯುವಜನೋತ್ಸವ ಇರುತ್ತದೆ, ಬೆನ್ನು ತಟ್ಟುವ ಒಬ್ಬ ಮೇಷ್ಟರಿರುತ್ತಾರೆ. ಇಪ್ಪತ್ತೆರಡಕ್ಕೆ ಕಾಲೇಜು ಮುಗಿಯುತ್ತದೆ. ಆಮೇಲೆ ಕೆಲಸ ಹುಡುಕಾಟ, ಮನೆಯ ಸಾಲ, ಮದುವೆ. ಪ್ರತಿಭೆ ಸಾಲದೆ ಬರೆಯುವುದನ್ನು ಬಿಟ್ಟವರನ್ನು ನಾನು ಕಂಡದ್ದು ಕಡಿಮೆ. "ಈ ತಿಂಗಳು ಏನು ಬರೆದಿರಿ?" ಎಂದು ಕೇಳುವವರು ಒಬ್ಬರೂ ಇಲ್ಲದೆ ಬಿಟ್ಟವರು ಬಹಳ. ಅದರಲ್ಲೂ ಹೆಣ್ಣುಮಕ್ಕಳು. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಅವರು ಬರೆಯುತ್ತಿದ್ದರು ಎಂಬುದೇ ಆ ಊರಿನಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಸ್ಥಳೀಯ ಬಳಗವೆಂಬುದು ಸಂಜೆಯ ಹವ್ಯಾಸ ಎಂದುಕೊಳ್ಳುವವರು ಈ ಲೆಕ್ಕವನ್ನು ನೋಡಬೇಕು.

"ನಮ್ಮೂರಲ್ಲಿ ಕಾರ್ಯಕ್ರಮಗಳಿಗೇನು ಕಡಿಮೆ?" ಎಂದು ಯಾರಾದರೂ ಕೇಳಬಹುದು. ನಿಜ, ಕಾರ್ಯಕ್ರಮಗಳಿವೆ. ವೇದಿಕೆಯ ಮೇಲೆ ಹನ್ನೆರಡು ಜನ, ಕೆಳಗೆ ಮೂವತ್ತು ಜನ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಉದ್ಘಾಟಕರ ಮಾತು, ಮುಖ್ಯ ಅತಿಥಿಗಳ ಮಾತು, ಗೌರವ ಉಪಸ್ಥಿತಿ, ಸನ್ಮಾನ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಕೊನೆಗೆ ಕವಿಗೋಷ್ಠಿಯ ಸರದಿ ಬರುವಾಗ ಒಂದೂವರೆ ಗಂಟೆ. ಊಟದ ವಾಸನೆ ಬರುತ್ತಿರುತ್ತದೆ. "ಸಮಯದ ಅಭಾವದಿಂದ ಒಬ್ಬೊಬ್ಬರು ಒಂದೇ ಕವನ ವಾಚಿಸಬೇಕು" ಎಂದು ನಿರೂಪಕರು ವಿನಂತಿಸುತ್ತಾರೆ. ಕವಿ ಓದಿ ಇಳಿದ ಕೂಡಲೇ ಹಿಂದಿನ ಬಾಗಿಲಿನಿಂದ ಹೊರಡುತ್ತಾನೆ. ಓದಿದ ಕವನದ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಆಡುವುದಕ್ಕೆ ಆ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ.

ಇದನ್ನು ಬಳಗ ಎನ್ನಲಾಗದು. ಇದು ಸಾಲ ತೀರಿಸುವ ಏರ್ಪಾಡು. ಈ ವರ್ಷ ನೀವು ನನಗೆ ಶಾಲು ಹೊದಿಸಿದಿರಿ, ಮುಂದಿನ ವರ್ಷ ನಾನು ನಿಮಗೆ ಹೊದಿಸುತ್ತೇನೆ. ಇದರಲ್ಲಿ ಕೆಟ್ಟ ಮನಸ್ಸು ಇರಬೇಕೆಂದೇನಿಲ್ಲ, ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಇಪ್ಪತ್ತರ ಹುಡುಗಿಯೊಬ್ಬಳು ಅಂಥ ಎರಡು ಕಾರ್ಯಕ್ರಮ ನೋಡಿದರೆ ಸಾಕು, ಸಾಹಿತ್ಯ ಎಂದರೆ ವಯಸ್ಸಾದ ಗಂಡಸರು ಒಬ್ಬರನ್ನೊಬ್ಬರು ಹೊಗಳಿಕೊಳ್ಳುವ ಉದ್ಯೋಗ ಎಂದು ತೀರ್ಮಾನಿಸುತ್ತಾಳೆ. ಆಕೆಯ ತೀರ್ಮಾನವನ್ನು ತಪ್ಪೆನ್ನಲು ನಮ್ಮ ಬಳಿ ಏನು ಆಧಾರವಿದೆ?

ಇನ್ನು ವಾಟ್ಸಾಪ್ ಗುಂಪುಗಳು. ಬೆಳಿಗ್ಗೆ ಆರಕ್ಕೆ ಸೂರ್ಯೋದಯದ ಚಿತ್ರ, ಏಳಕ್ಕೆ ಒಂದು ಚುಟುಕು, ಅದಕ್ಕೆ ಇಪ್ಪತ್ತು ಕೈಮುಗಿದ ಗುರುತು. ಗುಂಪಿನಲ್ಲಿ ಇನ್ನೂರು ಜನರಿದ್ದರೂ ಒಬ್ಬ ಸದಸ್ಯ ಆಸ್ಪತ್ರೆಯಲ್ಲಿ ಮಲಗಿದರೆ ನೋಡಿಬರುವವರು ಇಬ್ಬರು. ಫೋನಿನಲ್ಲಿ ಓದುಗರು ಸಿಗುತ್ತಾರೆ, ದೂರದ ಗೆಳೆಯರೂ ಸಿಗುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೀವು ಬರೆದದ್ದನ್ನು ನಿಮ್ಮೆದುರೇ ಕೂತು ಕೇಳುವವರ ಮುಖದಲ್ಲಿ ಯಾವ ಸಾಲಿಗೆ ಬೇಸರ ಹಣಕಿತು ಎಂಬುದನ್ನು ಫೋನು ತೋರಿಸುವುದಿಲ್ಲ. ಬರೆಯುವುದನ್ನು ಕಲಿಯಬೇಕಾದವರಿಗೆ ಆ ಬೇಸರದಷ್ಟು ದೊಡ್ಡ ಗುರು ಇನ್ನಿಲ್ಲ.

ಹಾಗಾದರೆ ಬಳಗ ಎಂದರೆ ಯಾವುದು? ಕನ್ನಡದಲ್ಲಿ ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪನ್ನು ನಾವೆಲ್ಲ ಪಠ್ಯದಲ್ಲಿ ಓದಿದ್ದೇವೆ. ಶಂಬಾ ಜೋಶಿ, ವಿ. ಕೃ. ಗೋಕಾಕ, ರಂ. ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮ ಮುಂತಾದವರ ಹೆಸರುಗಳನ್ನು ಪರೀಕ್ಷೆಗೆಂದು ಉರುಹೊಡೆದಿದ್ದೇವೆ. ಉರುಹೊಡೆಯುವಾಗ ಒಂದು ಸಂಗತಿ ತಪ್ಪಿಹೋಗುತ್ತದೆ. ಅವರು ಸೇರಿದಾಗ ಈ ಹೆಸರುಗಳು ದೊಡ್ಡವಾಗಿರಲಿಲ್ಲ. ಬೇಂದ್ರೆ ಮತ್ತು ಶಂಬಾ ಇಬ್ಬರೂ ಶಾಲೆಯ ಮಾಸ್ತರರು, ಉಳಿದ ಕೆಲವರು ಇನ್ನೂ ಓದುತ್ತಿದ್ದ ಹುಡುಗರು. ದೊಡ್ಡವರೆಲ್ಲ ಸೇರಿ ಗುಂಪು ಆಗಲಿಲ್ಲ, ಗುಂಪಿನಲ್ಲಿದ್ದು ದೊಡ್ಡವರಾದರು. ಒಬ್ಬ ಭಾಷೆಯ ಬೇರು ಹುಡುಕುತ್ತಿದ್ದ, ಇನ್ನೊಬ್ಬ ಪದ್ಯ ಬರೆಯುತ್ತಿದ್ದ, ಮತ್ತೊಬ್ಬ ಕತೆ. ಒಬ್ಬರ ಕೆಲಸ ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು.

ಧಾರವಾಡ ಎಂದರೆ ಆಗಲೇ ವಿದ್ಯೆಯ ಊರು, 1890ರಿಂದಲೇ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವಿತ್ತು, ನಮ್ಮ ಹಳ್ಳಿಗೆ ಆ ಭಾಗ್ಯವೆಲ್ಲಿ ಎನ್ನುತ್ತೀರಾ? ಹಲಸಂಗಿಯನ್ನು ನೋಡಿ. ಅದು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ಕಾಲೇಜಿರಲಿಲ್ಲ, ಪ್ರಕಾಶಕರಿರಲಿಲ್ಲ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಗೆಳೆಯರಿದ್ದರು. ಅವರು ಮುಂದಿನ ಊರಿಗೆ ಹೋಗಿ ಬಳಗ ಹುಡುಕಲಿಲ್ಲ. ತಮ್ಮ ಸುತ್ತಲ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದುದನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು. ಕನ್ನಡ ಜಾನಪದ ಅಧ್ಯಯನದ ಚರಿತ್ರೆ ಬರೆಯುವವರು ಇಂದಿಗೂ ಆ ಪುಸ್ತಕವನ್ನು ದಾಟಿ ಹೋಗಲಾರರು.

ಹಲಸಂಗಿಯ ಗೆಳೆಯರಿಂದ ಕಲಿಯಬೇಕಾದ ಮೊದಲ ಪಾಠ ಇದು: ಬಳಗ ಹುಟ್ಟುವುದು ಕೈಯಲ್ಲೊಂದು ಕೆಲಸ ಇದ್ದಾಗ. "ಬನ್ನಿ, ಸಮಾನಮನಸ್ಕರೆಲ್ಲ ಸೇರೋಣ" ಎಂದು ಕರೆದರೆ ಎರಡು ಸಲ ಸೇರುತ್ತಾರೆ, ಮೂರನೆಯ ಸಲಕ್ಕೆ ಮಾತು ಮುಗಿದಿರುತ್ತದೆ. "ನಮ್ಮ ತಾಲೂಕಿನ ಹಳೆಯ ಬೋರ್ಡುಗಳ ಅಕ್ಷರಗಳ ಫೋಟೋ ತೆಗೆದು ಒಂದು ಪುಸ್ತಕ ಮಾಡೋಣ", "ಈ ಕೆರೆಯ ಸುತ್ತ ಇರುವ ಮುದುಕರ ಮಾತನ್ನು ಬರೆದಿಡೋಣ", "ಮಳೆಗಾಲದೊಳಗೆ ಒಂದು ಏಕಾಂಕ ಆಡೋಣ" ಎಂದು ಕರೆದು ನೋಡಿ. ಆಗ ಬರುವವರು ಬೇರೆ, ಅವರು ಉಳಿಯುವ ಬಗೆಯೂ ಬೇರೆ. ಅದೇ ಹಲಸಂಗಿಯಲ್ಲಿ ಇನ್ನೊಂದು ಪಾಠವೂ ಇದೆ, ಅದು ಕಹಿಯಾದದ್ದು. ಹಾಡು ಹೆಂಗಸರದು, ಗೆಳೆಯರೆಂದು ಚರಿತ್ರೆ ಹೆಸರಿಸುವವರೆಲ್ಲ ಗಂಡಸರು. ಈ ಪ್ರಶ್ನೆಗೆ ಮತ್ತೆ ಬರುತ್ತೇನೆ.

ಎರಡನೆಯ ಮಾತು: ಕಲಾವಿದರಷ್ಟೇ ಇರುವ ಬಳಗ ಬಹಳ ದಿನ ಬಾಳುವುದಿಲ್ಲ. ಕವಿಗಳೇ ಕವಿಗಳಿಗೆ ಓದಿ, ಕವಿಗಳೇ ಚಪ್ಪಾಳೆ ತಟ್ಟಿ, ಕವಿಗಳೇ ಮುನಿಸಿಕೊಂಡು ಹೋಗುವ ಗುಂಪುಗಳನ್ನು ಬೇಕಾದಷ್ಟು ನೋಡಿದ್ದೇವೆ. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಅದನ್ನು ನಿಲ್ಲಿಸಿದ್ದು ಚಂದಾದಾರರು. ಪುಸ್ತಕ ಹೇಗಿರುತ್ತದೋ ಗೊತ್ತಿಲ್ಲದಿದ್ದರೂ ಮಾಲೆಯ ಮೇಲೆ ನಂಬಿಕೆ ಇಟ್ಟು ದುಡ್ಡು ಕೊಟ್ಟ ಓದುಗರು ಅವರು. ಸುಭಾಸ ರಸ್ತೆಯ ಆ 'ಅಟ್ಟ'ದ ಮೇಲೆ ನಡೆದ ಹರಟೆಗಳ ಕತೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಕುರ್ತಕೋಟಿ ಕೂತಿದ್ದರು, ಕಾರ್ನಾಡರು ಬಂದಿದ್ದರು ಎನ್ನುತ್ತೇವೆ. 1961ರಲ್ಲಿ ಇಪ್ಪತ್ಮೂರರ ಒಬ್ಬ ಹುಡುಗನ 'ಯಯಾತಿ' ಅಲ್ಲಿಂದ ಅಚ್ಚಾಗಿ ಬಂತು. ಆದರೆ ಹೊಸಬನೊಬ್ಬನ ನಾಟಕವನ್ನು ಅಚ್ಚು ಹಾಕುವ ಧೈರ್ಯ ಪ್ರಕಾಶಕನಿಗೆ ಬರಬೇಕಾದರೆ ಹಿಂದೆ ಚಂದಾ ಕಟ್ಟಿದ ಮಾಸ್ತರರು, ವಕೀಲರು, ಗುಮಾಸ್ತರು ಇರಬೇಕು. ಅವರ ಹೆಸರು ಯಾವ ಪಠ್ಯದಲ್ಲೂ ಇಲ್ಲ.

ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಯಕ್ಷಗಾನದ ಹರಕೆ ಆಟ ಆಡಿಸುವವರು ಕಲಾವಿದರಲ್ಲ. ಗದ್ದೆ, ತೋಟ, ಅಂಗಡಿ, ಮುಂಬಯಿಯ ಹೋಟೆಲು ಇಟ್ಟುಕೊಂಡ ಸಂಸಾರಸ್ಥರು. ಕಟೀಲು ಮೇಳದ ಆಟಕ್ಕೆ ಹೇಳಿಕೊಂಡವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಅದರ ಹಿಂದೆ ಭಕ್ತಿ ಇದೆ, ಒಪ್ಪೋಣ. ಆದರೂ ಕಲೆಯೊಂದು ಊರಿನಲ್ಲಿ ಬೇರು ಬಿಡುವುದು ಅದನ್ನು ಮಾಡುವವರಿಂದ ಮಾತ್ರ ಆಗುವ ಕೆಲಸವಲ್ಲ, ಅದು ತಮಗೆ ಬೇಕು ಎಂದುಕೊಂಡವರಿಂದ ಆಗುವುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹೊಸ ಕಾಲದ ಕವಿಗೆ, ಚಿತ್ರಕಾರನಿಗೆ ಮೆಡಿಕಲ್ ಶಾಪಿನ ಆ ಓದುಗ ಇಂಥವನು. ಅವನನ್ನು ಪ್ರೇಕ್ಷಕ ಎಂದು ಕೊನೆಯ ಸಾಲಿನಲ್ಲಿ ಕೂರಿಸಬೇಡಿ, ಬಳಗದೊಳಕ್ಕೆ ಕರೆದುಕೊಳ್ಳಿ.

ಹೆಗ್ಗೋಡಿನ ಹೆಸರು ಹೇಳದೆ ಈ ಮಾತು ಮುಗಿಯುವುದಿಲ್ಲ. ಆದರೆ ಹೆಗ್ಗೋಡನ್ನು ನಾವು ನೋಡುವ ಕ್ರಮವೇ ಸರಿಯಿಲ್ಲ. ರಂಗಮಂದಿರ, ರಂಗಶಿಕ್ಷಣ ಕೇಂದ್ರ, ಅಕ್ಟೋಬರಿನ ಸಂಸ್ಕೃತಿ ಶಿಬಿರ, 1991ರಲ್ಲಿ ಸುಬ್ಬಣ್ಣನವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿ ಇವನ್ನು ನೋಡಿ "ಅಂಥದ್ದು ನಮ್ಮೂರಲ್ಲಿ ಎಲ್ಲಿ ಸಾಧ್ಯ" ಎಂದು ಹಿಂದಿರುಗುತ್ತೇವೆ. ಇಸವಿಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. ಅಡಿಕೆ ಬೆಳೆಗಾರರು ಸೇರಿ ನೀನಾಸಮ್ ಕಟ್ಟಿದ್ದು 1949ರಲ್ಲಿ. ಚಲನಚಿತ್ರ ಸಮಾಜ ಬಂದದ್ದು 1973ರಲ್ಲಿ. ರಂಗಶಿಕ್ಷಣ ಕೇಂದ್ರ 1980ರಲ್ಲಿ. ತಿರುಗಾಟ 1985ರಲ್ಲಿ. ಮೊದಲ ಹೆಜ್ಜೆಗೂ ರಂಗಶಿಕ್ಷಣ ಕೇಂದ್ರಕ್ಕೂ ನಡುವೆ ಮೂವತ್ತೊಂದು ವರ್ಷ! ಆ ಮೂವತ್ತೊಂದು ವರ್ಷದಲ್ಲಿ ನಡೆದದ್ದೆಂದರೆ ಊರಿನವರು ಊರಿನವರಿಗಾಗಿ ನಾಟಕ ಆಡಿದ್ದು. ನಾವು ಆರು ತಿಂಗಳು ನಡೆಸಿ "ಜನ ಬರುವುದಿಲ್ಲ" ಎಂದು ಕೈಬಿಡುತ್ತೇವೆ.

ಸುಬ್ಬಣ್ಣನವರಿಗೆ ತೋಟವಿತ್ತು, ಹೊಟ್ಟೆಪಾಡಿನ ಚಿಂತೆ ಅಷ್ಟಾಗಿ ಇರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಜಮೀನು, ಬಿಡುವು, ಜಾತಿಯ ಗೌರವ ಇದ್ದವರಿಗೆ ಊರಿನಲ್ಲಿ ಇಂಥದ್ದನ್ನು ಕಟ್ಟುವುದು ಸುಲಭ. ಇಲ್ಲದವರು ಏನು ಮಾಡಬೇಕು? ಇದಕ್ಕೆ ಒಂದು ಉತ್ತರ ಚೆನ್ನೈ ಪಕ್ಕದ ಚೋಳಮಂಡಲದಲ್ಲಿದೆ. 1966ರಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಅವರ ಮುಂದಾಳತನದಲ್ಲಿ ಕಟ್ಟಿದ ಕಲಾವಿದರ ಹಳ್ಳಿ ಅದು. ಕಟ್ಟಿದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಕೂಡ ಇದ್ದರು. ಚಿತ್ರ ಮಾರಿ ಬದುಕುವ ಸ್ಥಿತಿ ಆ ಹುಡುಗರಿಗೆ ಇರಲಿಲ್ಲ. ಸಂಘ ಮಾಡಿಕೊಂಡು ಬಾಟಿಕ್ ಬಟ್ಟೆ ಮುಂತಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು. ಬಂದ ದುಡ್ಡಿನಿಂದ ಸಮುದ್ರದ ದಂಡೆಯ ಮರಳು ಭೂಮಿ ಕೊಂಡರು, ಮನೆ ಕಟ್ಟಿಕೊಂಡರು, ಚಿತ್ರ ಬರೆದರು. ಕರಕುಶಲ ವಸ್ತು ಮಾಡಿದರೆ ಕಲಾವಿದನ ಮರ್ಯಾದೆ ಏನಾಗಬೇಕು ಎಂದು ಅವರು ಕೂತಿದ್ದರೆ ಆ ಹಳ್ಳಿ ಇರುತ್ತಿರಲಿಲ್ಲ.

ನಮ್ಮಲ್ಲಿ ದುಡ್ಡಿನ ಮಾತು ಬಂದ ಕೂಡಲೇ ಸರಕಾರದ ಕಡೆ ತಿರುಗುತ್ತೇವೆ. ಅನುದಾನ ತಪ್ಪಲ್ಲ; ಅದು ನಮ್ಮದೇ ತೆರಿಗೆಯ ಹಣ, ಕೇಳಿಯೇ ಪಡೆಯಬೇಕು. ಆದರೆ ಅನುದಾನ ಬರುವುದು ಸಾಮಾನ್ಯವಾಗಿ ಕಾರ್ಯಕ್ರಮಕ್ಕೆ. ಆಹ್ವಾನ ಪತ್ರಿಕೆ, ಫೋಟೋ, ಪತ್ರಿಕಾ ವರದಿ, ರಸೀದಿ ಇವನ್ನೆಲ್ಲ ಲಗತ್ತಿಸಬೇಕು. ಐದು ಜನ ಪ್ರತಿ ತಿಂಗಳು ಕೂತು ಪರಸ್ಪರರ ಹಸ್ತಪ್ರತಿ ತಿದ್ದಿದ್ದಕ್ಕೆ ಯಾವ ಫೋಟೋ ಲಗತ್ತಿಸುತ್ತೀರಿ? ಹೀಗಾಗಿ ಅನುದಾನವನ್ನೇ ನೆಚ್ಚಿದ ಸಂಘಗಳು ನಿಧಾನವಾಗಿ ಕಾರ್ಯಕ್ರಮ ಮಾಡುವ ಸಂಘಗಳಾಗುತ್ತವೆ. ಮತ್ತೆ ಶಾಲು, ಹಾರ, ಹಣ್ಣಿನ ಬುಟ್ಟಿ. ತಿಂಗಳಿಗೆ ಐವತ್ತು ರೂಪಾಯಿ ಎಲ್ಲರೂ ಹಾಕಿ ಒಂದು ನೋಟುಬುಕ್ಕಿನಲ್ಲಿ ಲೆಕ್ಕ ಬರೆದಿಡುವ ಬಳಗಕ್ಕೆ ಆ ಭಯವಿಲ್ಲ. ಕೊಡಲಾಗದವರು ಚಹಾ ಮಾಡಲಿ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. "ಊರು, ಸ್ಥಳೀಯತೆ, ಬಳಗ ಎಂದು ಚಂದ ಮಾತಾಡುತ್ತೀರಿ. ಊರು ಎಂದರೆ ಜಾತಿ. ನಾನು ಬೆಂಗಳೂರಿಗೆ ಓಡುವುದು ಅಲ್ಲಿ ಕಲೆ ಇದೆ ಎಂದಲ್ಲ, ಅಲ್ಲಿ ನನ್ನ ಕೇರಿ ಯಾರಿಗೂ ಗೊತ್ತಿಲ್ಲ ಎಂದು." ಈ ಮಾತಿಗೆ ಎದುರಾಡುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ನಮ್ಮ ಬಹುಪಾಲು ಊರುಗಳಲ್ಲಿ ಸಾಹಿತ್ಯದ ಗುಂಪು ಎಂದರೆ ಒಂದೇ ಬೀದಿಯವರ ಗುಂಪು. ಸೇರುವ ಜಾಗ ಒಂದು ಜನಾಂಗದ ಸಮುದಾಯ ಭವನ, ಇಲ್ಲವೇ ದೇವಸ್ಥಾನದ ಹಜಾರ. ಸೇರುವ ಹೊತ್ತು ಸಂಜೆ ಏಳು, ಮನೆಯಲ್ಲಿ ಅಡುಗೆ ಮಾಡಬೇಕಾದವರು ಬರಲಾಗದ ಹೊತ್ತು. ಯಾರನ್ನೂ ಬರಬೇಡಿ ಎಂದು ಹೇಳಿರುವುದಿಲ್ಲ. ಜಾಗ ಮತ್ತು ಗಡಿಯಾರ ಸೇರಿ ಆ ಮಾತನ್ನು ಹೇಳಿರುತ್ತವೆ.

ಆದರೆ ಹೊರಗಿಡಲ್ಪಟ್ಟವರು ನಮ್ಮ ಭಾಷೆಯಲ್ಲಿ ಏನು ಮಾಡಿದರು ಎಂಬುದನ್ನೂ ನೋಡಬೇಕು. 1979ರ ಧರ್ಮಸ್ಥಳ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕು ಎಂದು ಕೇಳಿದಾಗ ಪರಿಷತ್ತು ನಿರಾಕರಿಸಿತು. ಕೇಳಿದವರು ಮನೆಗೆ ಹೋಗಿ ಒಬ್ಬೊಬ್ಬರೇ ಕೂರಲಿಲ್ಲ. ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಬಂಡಾಯ ಸಂಘಟನೆ ಜಿಲ್ಲೆ ಜಿಲ್ಲೆಗೆ ಹರಡಿತು. ಸಿದ್ಧಲಿಂಗಯ್ಯನವರ ಹಾಡುಗಳು ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಹಾಸ್ಟೆಲುಗಳಲ್ಲಿ, ಹಳ್ಳಿಯ ಕೇರಿಗಳಲ್ಲಿ ಬಾಯಿಂದ ಬಾಯಿಗೆ ಹೋದವು. ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದ್ದೂ ಅದೇ 1979ರಲ್ಲಿ. ಕನ್ನಡದ ಕಳೆದ ಅರ್ಧ ಶತಮಾನದ ಬರಹದಲ್ಲಿ ಯಾವುದು ಹೊಸದೋ ಅದರ ದೊಡ್ಡ ಪಾಲು ಹೀಗೆ ಬಾಗಿಲು ಮುಚ್ಚಿದ್ದಕ್ಕೆ ಬೇರೆ ಮನೆ ಕಟ್ಟಿಕೊಂಡವರಿಂದ ಬಂದದ್ದು. ಊರಿನ ಹಳೆಯ ಗುಂಪಿಗೆ ಸೇರಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದು ಉಸಿರುಗಟ್ಟಿಸುವುದಾದರೆ ಬಿಟ್ಟು ಬೇರೆಯದನ್ನು ಕಟ್ಟಿ.

ಕಟ್ಟುವಾಗ ಮಾತ್ರ ಒಂದು ಪರೀಕ್ಷೆಯನ್ನು ಪ್ರತಿ ಸಭೆಯ ಕೊನೆಯಲ್ಲೂ ಮಾಡಿಕೊಳ್ಳಬೇಕು: ಇವತ್ತು ಯಾರು ಬಂದಿಲ್ಲ? ಯಾಕೆ ಬಂದಿಲ್ಲ? ಎಲ್ಲರೂ ಒಂದೇ ಜಾತಿಯವರಾದರೆ ಜಾಗ ಬದಲಾಯಿಸಿ. ಸರಕಾರಿ ಗ್ರಂಥಾಲಯ, ಶಾಲೆ, ಪಂಚಾಯಿತಿ ಕಟ್ಟಡದ ಜಗಲಿ ಎಲ್ಲರ ಕಾಲಿಗೂ ಸಲೀಸು. ಹೆಂಗಸರಿಲ್ಲದಿದ್ದರೆ ಹೊತ್ತು ಬದಲಾಯಿಸಿ. ಭಾನುವಾರ ಬೆಳಿಗ್ಗೆ ಹತ್ತೂವರೆಗೋ ಮಧ್ಯಾಹ್ನ ಮೂರಕ್ಕೋ ಇಡಿ, ಮಕ್ಕಳನ್ನು ಕರೆತರಬಹುದು ಎಂದು ಹೇಳಿ. ಹಲಸಂಗಿಯಲ್ಲಿ ಹಾಡಿದವರಿಗೆ ಬಳಗದಲ್ಲಿ ಸಿಗದ ಜಾಗ ನಿಮ್ಮಲ್ಲಿ ಸಿಗಲಿ.

ಸಣ್ಣ ಊರಿನ ಬಳಗಕ್ಕೆ ಇನ್ನೊಂದು ಕಾಯಿಲೆ ಇದೆ, ದಾಕ್ಷಿಣ್ಯ. ನಾಳೆ ಬೆಳಿಗ್ಗೆ ಹಾಲು ತರುವಾಗ ಎದುರಾಗುವ ಮನುಷ್ಯನಿಗೆ "ನಿಮ್ಮ ಕತೆ ಎರಡನೆಯ ಪುಟದಲ್ಲೇ ಸತ್ತಿದೆ" ಎಂದು ಹೇಗೆ ಹೇಳುವುದು? ಹೀಗಾಗಿ ಎಲ್ಲವೂ "ಚೆನ್ನಾಗಿದೆ". ಚೆನ್ನಾಗಿದೆ ಎಂಬ ಮಾತು ಸಣ್ಣ ಊರಿನಲ್ಲಿ ಎಷ್ಟು ಬರಹಗಾರರನ್ನು ಕೊಂದಿದೆಯೋ ಲೆಕ್ಕವಿಲ್ಲ. ಇದಕ್ಕೆ ಎರಡು ಮದ್ದುಗಳಿವೆ. ಮೊದಲನೆಯದು, ಸ್ವಂತ ಬರಹಕ್ಕೆ ಮುಂಚೆ ಕೆಲವು ತಿಂಗಳು ಬೇರೆಯವರ ಒಳ್ಳೆಯ ಬರಹವನ್ನು ಒಟ್ಟಿಗೆ ಓದುವುದು. ಪಂಪನನ್ನೋ ಚದುರಂಗರನ್ನೋ ವೈದೇಹಿಯವರನ್ನೋ ಕೂತು ಸಾಲು ಸಾಲಾಗಿ ಓದಿದ ಮೇಲೆ ನಮ್ಮ ಬರಹದ ಬಗ್ಗೆ ಮಾತಾಡಲು ಒಂದು ಅಳತೆಗೋಲು ಸಿಗುತ್ತದೆ, ಮಾತು ವ್ಯಕ್ತಿಯನ್ನು ಬಿಟ್ಟು ಬರಹಕ್ಕೆ ತಾಗುತ್ತದೆ. ಎರಡನೆಯದು, ಹೊರಗಿನ ಗಾಳಿ. ಹೆಗ್ಗೋಡು ಬರೀ ಊರಿನ ನಾಟಕಗಳಿಗೆ ನಿಲ್ಲದೆ ಜಗತ್ತಿನ ಸಿನಿಮಾಗಳನ್ನು ಊರಿಗೆ ತಂದಿತು, ಶಿಬಿರಕ್ಕೆ ಬೇರೆ ಊರಿನವರನ್ನು ಕರೆಯಿತು. ಕಿಟಕಿ ಇಲ್ಲದ ಸ್ಥಳೀಯತೆ ಕೊಳೆಯುತ್ತದೆ.

ಬೆಂಗಳೂರಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಹೊಟ್ಟೆಪಾಡಿಗೆ ಅಲ್ಲಿಗೆ ಹೋಗುವುದರಲ್ಲಿ ತಪ್ಪೇನಿಲ್ಲ. ಆದರೆ ಅಲ್ಲಿ ಬಳಗ ತಾನಾಗಿ ಸಿಗುತ್ತದೆ ಎಂಬುದು ಭ್ರಮೆ. ವಾರಕ್ಕೆ ಹತ್ತು ಕಾರ್ಯಕ್ರಮ ನೋಡಿ ಯಾವುದಕ್ಕೂ ಸೇರದೆ, ರಾತ್ರಿ ಮೆಟ್ರೋದಲ್ಲಿ ಒಬ್ಬರೇ ಹಿಂದಿರುಗುವವರು ಅಲ್ಲಿ ತುಂಬ ಇದ್ದಾರೆ. ಅಲ್ಲಿ ನಿಂತಿರುವುದೂ ಇದೇ ರೀತಿ ಕಟ್ಟಿದವು. ಆರ್. ಎಂ. ಹಡಪದ ಮೇಷ್ಟರು ತಾವು ಕಟ್ಟಿದ ಕೆನ್ ಕಲಾಶಾಲೆಯಲ್ಲಿ ತಲೆಮಾರುಗಳಿಗೆ ಚಿತ್ರ ಕಲಿಸಿದರು. 2004ರಲ್ಲಿ ಶುರುವಾದ ರಂಗಶಂಕರದಲ್ಲಿ ನಾಟಕ ಆರಂಭವಾದ ಮೇಲೆ ತಡವಾಗಿ ಬಂದವರಿಗೆ, ಅವರು ಯಾರೇ ಆಗಲಿ, ಬಾಗಿಲು ತೆರೆಯುವುದಿಲ್ಲ. ಮುಖ್ಯ ಅತಿಥಿಗಾಗಿ ಒಂದು ಗಂಟೆ ಕಾಯುವ ನಮ್ಮ ಊರಿನ ಸಭೆಗಳು ಬೆಂಗಳೂರಿನಿಂದ ಕಲಿಯುವುದಾದರೆ ಇದೊಂದನ್ನು ಕಲಿತರೆ ಸಾಕು. ಇನ್ನು ನೀನಾಸಮ್ ತಿರುಗಾಟ ಊರೂರು ಸುತ್ತುತ್ತದಲ್ಲ, ಅದೂ ನಡೆಯುವುದು ಪ್ರತಿ ಊರಿನಲ್ಲಿ ತಂಡಕ್ಕೆ ಊಟ, ವಸತಿ, ಜಾಗ ಹೊಂದಿಸಿ, ಟಿಕೆಟ್ ಹಿಡಿದು ಮನೆ ಮನೆಗೆ ಹೋಗುವ ನಾಲ್ಕು ಜನ ಇರುವುದರಿಂದ. ಆ ನಾಲ್ಕು ಜನ ಇಲ್ಲದ ಊರನ್ನು ತಿರುಗಾಟದ ಬಸ್ಸು ದಾಟಿ ಹೋಗುತ್ತದೆ.

ಹಾಗಾಗಿ ಇದನ್ನು ಓದುತ್ತಿರುವ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟೆ. ಬಳಗ ಹುಡುಕುವುದನ್ನು ನಿಲ್ಲಿಸಿ. ತಿಂಗಳಿಗೊಂದು ದಿನ ಗೊತ್ತುಮಾಡಿ, ಎರಡನೆಯ ಭಾನುವಾರ ಎಂದರೆ ಎರಡನೆಯ ಭಾನುವಾರವೇ. ಮಳೆ, ಚುನಾವಣೆ, ಕ್ರಿಕೆಟ್ ಯಾವುದಕ್ಕೂ ಮುಂದೂಡಬೇಡಿ. ಹೆಸರು, ಲಾಂಛನ, ಅಧ್ಯಕ್ಷರು, ಗೌರವಾಧ್ಯಕ್ಷರು ಒಂದು ವರ್ಷದವರೆಗೆ ಬೇಡ. ಮುಖ್ಯ ಅತಿಥಿ ಎಂದೂ ಬೇಡ. ಡ್ರಾಯಿಂಗ್ ಮೇಷ್ಟರ ಮನೆಗೆ ಹೋಗಿ ಅಟ್ಟ ಹತ್ತಿ ಚಿತ್ರ ನೋಡಿ. ಅತಿಥಿ ಉಪನ್ಯಾಸಕಿಯನ್ನು "ಮೇಡಂ, ನೀವು ಬರೆಯುತ್ತೀರಂತೆ" ಎಂದು ಕೇಳಿ. ಫ್ಲೆಕ್ಸ್ ಅಂಗಡಿಯವನ ಕೈಗೆ ಮತ್ತೆ ಬ್ರಷ್ ಕೊಟ್ಟು ಸಭೆಯ ಬೋರ್ಡು ಬರೆಸಿ. ಮೆಡಿಕಲ್ ಶಾಪಿನ ಓದುಗನಿಗೆ ಲೆಕ್ಕದ ಪುಸ್ತಕ ಒಪ್ಪಿಸಿ. ಗ್ರಂಥಾಲಯದ ಬೀಗದ ಕೈ ನೀವೇ ತನ್ನಿ, ಕುರ್ಚಿಗಳನ್ನು ದುಂಡಗೆ ಹಾಕಿ, ವೇದಿಕೆ ಎಂಬುದೇ ಇಲ್ಲದ ಹಾಗೆ.

ಮೊದಲ ತಿಂಗಳು ಏಳು ಜನ ಬರುತ್ತಾರೆ, ಎರಡನೆಯದಕ್ಕೆ ನಾಲ್ಕು. ನಾಲ್ಕನೆಯ ತಿಂಗಳು ಯಾರೂ ಬರದೆ ಇರಬಹುದು. ಆ ದಿನವೂ ಹೋಗಿ ಬಾಗಿಲು ತೆರೆಯಿರಿ. ನೀವು ಬರೆದು ತಂದದ್ದನ್ನು, ಪಾಪ, ಭಾನುವಾರವೂ ನಿಮಗಾಗಿ ಬಂದು ಕೂತಿರುವ ಗ್ರಂಥಪಾಲಕರಿಗೆ ಓದಿ ಹೇಳಿ. ಅವರಿಗೆ ಎಲ್ಲಿ ಅರ್ಥವಾಗಲಿಲ್ಲ ಎಂದು ಕೇಳಿ, ಬರೆದುಕೊಳ್ಳಿ. ಮುಂದಿನ ತಿಂಗಳು ಅವರೇ ಇನ್ನೊಬ್ಬರನ್ನು ಕರೆದುಕೊಂಡು ಬರುವ ಸಂಭವ ಇದೆ.